4×4 ಮೈಮೋ: ಮ್ಯಾಟ್‌ಲ್ಯಾಬ್ ಇಲ್ಲದಿದ್ದರೂ ಆಗುತ್ತದೆ

ಮೈಸೂರಿನ ಹಾಸ್ಟೆಲ್‌ನಲ್ಲಿ ಮ್ಯಾಟ್‌ಲ್ಯಾಬ್ (ಲೆಕ್ಕಾಚಾರದ ಸಾಫ್ಟ್‌ವೇರ್) ಲೈಸೆನ್ಸ್ ಇಲ್ಲ, 4×4 ಮೈಮೋ (ಕಳಿಸಲು ನಾಲ್ಕು, ಪಡೆಯಲು ನಾಲ್ಕು ಆಂಟೆನಾ ಇರುವ ವೈರ್‌ಲೆಸ್ ವ್ಯವಸ್ಥೆ) ಕೆಪಾಸಿಟಿಯನ್ನು, ಅಂದರೆ ಅದು ಸಾಗಿಸಬಲ್ಲ ಗರಿಷ್ಠ ಡೇಟಾ ವೇಗವನ್ನು, ಯಾವುದರಲ್ಲಿ ಸಿಮ್ಯುಲೇಟ್ ಮಾಡಲಿ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಮ್ಯಾಟ್‌ಲ್ಯಾಬ್ ಥರವೇ ಇರುವ ಆಕ್ಟೇವ್ ಸಾಕು, ಉಚಿತ. ರ್ಯಾಂಡಮ್ ರೇಲೀ ಚಾನೆಲ್‌ಗಳನ್ನು (ನೇರ ದಾರಿಯಿಲ್ಲದೆ, ಸಿಗ್ನಲ್ ಹಲವು ಕಡೆ ಚದುರಿ ಬರುವ ಮಾದರಿ) ಸಾವಿರಾರು ಸಲ ಹುಟ್ಟಿಸಿ ಸರಾಸರಿ ತೆಗೆಯಿರಿ, ಒಟ್ಟು ಪವರ್ ಕಳಿಸುವ ನಾಲ್ಕು ಆಂಟೆನಾಗಳಿಗೆ ಹಂಚಿಹೋಗುವುದರಿಂದ ಅದನ್ನು 4ರಿಂದ ಭಾಗಿಸುವುದನ್ನು ಮರೀಬೇಡಿ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ದೇವರಾಜ ಮಾರುಕಟ್ಟೆಯ ಗಲ್ಲಿಗಳಲ್ಲಿ ಸಿಗ್ನಲ್ ಗೋಡೆಗಳಿಗೆ ಬಡಿದು ಹತ್ತು ದಾರಿಯಲ್ಲಿ ಬರುತ್ತದೆ, ಅಲ್ಲಿ ಈ ಮಾದರಿ ಒಪ್ಪುತ್ತದೆ. ಚಾಮುಂಡಿ ಬೆಟ್ಟದ ಮೇಲೆ ಟ್ರಾನ್ಸ್‌ಮಿಟರ್ ಇದೆ, ನೀವು ಕೆಳಗೆ ಬಯಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ, ಆಗ ನೇರ ದಾರಿಯೊಂದೇ ಜೋರಾಗಿದ್ದು ನಾಲ್ಕು ಆಂಟೆನಾ ಇದ್ದರೂ ಒಂದೆರಡು ಸ್ಟ್ರೀಮ್ (ಒಟ್ಟೊಟ್ಟಿಗೆ ಹೋಗುವ ಡೇಟಾ ಹರಿವು) ಮಾತ್ರ ಗಟ್ಟಿ. ಆಂಟೆನಾ ಅಂತರವೂ ಮುಖ್ಯ ಅಲ್ವಾ, ಸಾಮಾನ್ಯವಾಗಿ ಅರ್ಧ ತರಂಗಾಂತರ ಬಿಡುತ್ತಾರೆ, 3.5 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 4.3 ಸೆಂ.ಮೀ. ಇದನ್ನೆಲ್ಲ ನೋಡೋಕೆ ಕ್ವಾಡ್ರಿಗಾ ಎಂಬ ಚಾನೆಲ್ ಸಿಮ್ಯುಲೇಟರ್ ಹಾಕಿಕೊಳ್ಳಿ, ಆಕ್ಟೇವ್‌ನಲ್ಲೂ ಓಡುತ್ತದೆ. ಪೈಥಾನ್ ಗೊತ್ತಿದ್ದರೆ ಎನ್‌ವಿಡಿಯಾದ ಸಿಯೋನಾ ಎಂಬ ವೈರ್‌ಲೆಸ್ ಸಿಮ್ಯುಲೇಶನ್ ಲೈಬ್ರರಿ ಇನ್ನೂ ಒಳ್ಳೆಯದು.