ವಾರ್ಡಿನಿಂದ ವಿಧಾನಸೌಧಕ್ಕೆ ದಾರಿ ಇದೆ, ಅಕ್ಕಾ

ಶಹಾಪುರ ತಾಲ್ಲೂಕಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿರುವ ನಿಮ್ಮ ತಂಗಿಗೆ ಮುಂದೆ ರಾಜ್ಯಮಟ್ಟಕ್ಕೆ ಏರಲು ಸಾಧ್ಯವೇ, ಹಾಗೆ ಏರಿದವರು ಇದ್ದಾರೆಯೇ ಎಂದು ಕೇಳಿದ್ದೀರಿ. ಖಂಡಿತ ಇದ್ದಾರೆ. ರೇಖಾ ಗುಪ್ತಾ 2007ರಲ್ಲಿ ದೆಹಲಿ ಪಾಲಿಕೆಯ ಸದಸ್ಯೆಯಾದರು. ಶಾಲಿಮಾರ್ ಬಾಗ್ ವಿಧಾನಸಭಾ ಕ್ಷೇತ್ರದಲ್ಲಿ 2015ರಲ್ಲಿ ಸೋತರು, 2020ರಲ್ಲಿ ಮತ್ತೆ ಸೋತರು. ಆದರೆ ಎರಡನೆಯ ಸೋಲಿನ ಅಂತರ ಮೊದಲಿನದಕ್ಕಿಂತ ಬಹಳ ಕಡಿಮೆಯಿತ್ತು. ಕ್ಷೇತ್ರ ಬಿಡದೆ ನಿಂತು 2025ರಲ್ಲಿ ಗೆದ್ದರು, ಮೊದಲ ಬಾರಿ ಶಾಸಕಿಯಾದಾಗಲೇ ಮುಖ್ಯಮಂತ್ರಿಯೂ ಆದರು. ದ್ರೌಪದಿ ಮುರ್ಮು ಅವರ ಆರಂಭವೂ 1997ರ ರಾಯರಂಗಪುರ ಪಟ್ಟಣ ಪಂಚಾಯಿತಿಯೇ.

ನಮ್ಮ ಕಡೆ ಕಷ್ಟವಿರುವುದು ನಡುವಿನ ಮೆಟ್ಟಿಲಿನಲ್ಲಿ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಆದರೆ 2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದವರು ಹತ್ತೇ ಮಹಿಳೆಯರು. ಪಕ್ಷದ ಚಿಹ್ನೆಯಡಿ ಹೆಸರು ಗಳಿಸಲು ಇದ್ದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯಿಲ್ಲದೆ ಉಳಿದದ್ದು ಹೆಣ್ಣುಮಕ್ಕಳಿಗೆ ಆದ ದೊಡ್ಡ ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಹಾಗೆಂದು ಸದಸ್ಯೆಗೆ ಬೆಲೆಯಿಲ್ಲವೆಂದಲ್ಲ. ವಿಧಾನ ಪರಿಷತ್ತಿನ 25 ಸದಸ್ಯರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೇ ಆರಿಸುತ್ತಾರೆ. ಆ ಹೊತ್ತಿಗೆ ದೊಡ್ಡ ನಾಯಕರೂ ನಿಮ್ಮ ತಂಗಿಯ ಮತ ಕೇಳಬೇಕಾಗುತ್ತದೆ.

ಸಭೆಗೆ ಅವರ ಬದಲು ಪತಿಯೇ ಹೋಗುತ್ತಾರೆ ಎಂದು ಬರೆದಿದ್ದೀರಲ್ಲ, ಅದನ್ನು ಮೊದಲು ನಿಲ್ಲಿಸಿ. ಗ್ರಾಮಸಭೆಯಲ್ಲಿ ಅವರೇ ಎದ್ದು ಮಾತನಾಡಲಿ, ನಡವಳಿ ಪುಸ್ತಕವನ್ನು ಓದಿಯೇ ಸಹಿ ಮಾಡಲಿ, ತರಬೇತಿಗೆ ಕರೆದರೆ ತಪ್ಪಿಸದೆ ಹೋಗಲಿ. ಕಲಬುರಗಿಗೆ ಬರುವುದಿದ್ದರೆ ಇಲ್ಲಿಯೇ ತಿಳಿಸಿ. ಮಾಜಿ ಸದಸ್ಯೆಯರ ಪರಿಚಯ ಮಾಡಿಸುತ್ತೇನೆ.