ಪ್ರದರ್ಶನದಲ್ಲಿ ಕೇಳಿದ ಧ್ವನಿಯನ್ನು ನಂಬಬಹುದೇ?

ಪ್ರಶ್ನೆ: ಉನ್ನತ ದರ್ಜೆಯ ಗೃಹ ಆಡಿಯೋ ಸಾಧನಗಳ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಅತ್ಯಂತ ದುಬಾರಿ ಸ್ಪೀಕರುಗಳ ತಗ್ಗು ಸ್ವರಗಳು ಕಲಸಿಕೊಂಡು ಗುಂಯ್‌ಗುಡುತ್ತಿದ್ದವು. ಪಕ್ಕದ ಕೋಣೆಯ ಪುಟ್ಟ ಸ್ಪೀಕರುಗಳೇ ಹಿತವೆನಿಸಿದವು. ನನ್ನ ಕಿವಿಯನ್ನು ನಂಬಬಹುದೇ?

ಉತ್ತರ: ನಂಬಬಹುದು, ಆದರೆ ನಿಮ್ಮ ಕಿವಿ ಕೇಳಿದ್ದು ಸ್ಪೀಕರನ್ನಷ್ಟೇ ಅಲ್ಲ, ಕೋಣೆಯನ್ನೂ ಹೌದು. ಇಂತಹ ಪ್ರದರ್ಶನಗಳು ಹಲವು ಬಾರಿ ಹೋಟೆಲಿನ ಕೋಣೆಗಳಲ್ಲೋ ತಾತ್ಕಾಲಿಕ ಗೋಡೆಗಳ ನಡುವೆಯೋ ನಡೆಯುತ್ತವೆ. 5 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 34 ಹರ್ಟ್ಸ್‌ನಲ್ಲಿಯೂ (ಸೆಕೆಂಡಿಗೆ 34 ಕಂಪನಗಳ ಆಳದ ಸ್ವರ) ಅದರ ಗುಣಕಗಳಲ್ಲಿಯೂ ಎದುರುಬದುರು ಗೋಡೆಗಳ ನಡುವೆ ಸ್ಥಾಯೀ ಅಲೆಗಳು, ಅಂದರೆ ಬಡಿದು ಹಿಂದಿರುಗಿದ ಅಲೆಗಳು ಒಂದಕ್ಕೊಂದು ಕೂಡಿ ಕೆಲವೆಡೆ ಸ್ವರವನ್ನು ಹೆಚ್ಚಿಸಿ ಕೆಲವೆಡೆ ತಗ್ಗಿಸುವ ಸ್ಥಿತಿ, ಏರ್ಪಡುವುದರಿಂದ, ಒಂದು ಕುರ್ಚಿಯಲ್ಲಿ ಅಬ್ಬರಿಸುವ ಸ್ವರವು ಮತ್ತೊಂದು ಕುರ್ಚಿಯಲ್ಲಿ ಬಹುತೇಕ ಮಾಯವಾಗಿರಬಹುದು. ದೊಡ್ಡ ಸ್ಪೀಕರು ಆ ಆಳದ ಸ್ವರಗಳನ್ನು ಸಮರ್ಥವಾಗಿ ಹೊರಡಿಸುವುದರಿಂದಲೇ ಕೋಣೆಯ ದೋಷವನ್ನು ಕೆರಳಿಸುತ್ತದೆ. ಪುಟ್ಟದು ಅಷ್ಟು ಕೆಳಗೆ ಇಳಿಯಲಾರದೆ ಪಾರಾಗುತ್ತದೆ. ಅದರ ಹಿತದಲ್ಲಿ ಅದರ ಅಸಾಮರ್ಥ್ಯದ ಪಾಲೂ ಇದೆ ಎಂದರೆ ತಯಾರಕರು ಮುನಿಯಬಾರದು.

ಇನ್ನೊಂದು ಸಂಗತಿ ಧ್ವನಿಯ ಮಟ್ಟ. ಎರಡು ಸಾಧನಗಳ ನಡುವೆ 1 ಡೆಸಿಬೆಲ್‌ನಷ್ಟು ವ್ಯತ್ಯಾಸವಿದ್ದರೂ, ಅದು ಜೋರು ಎಂದು ಗುರುತಿಸದೆಯೇ, ತುಸು ಜೋರಾದುದನ್ನು ನಾವು ಹೆಚ್ಚು ಸ್ಪಷ್ಟವೆಂದು ಬಗೆಯುತ್ತೇವೆ. ಮಟ್ಟವನ್ನು ಅಳೆದು ಸರಿಹೊಂದಿಸದೆ ಕೇಬಲ್ ಬದಲಿಸಿ ಧ್ವನಿ ಸುಧಾರಿಸಿತೆಂದು ತೋರಿಸುವ ಪ್ರಾತ್ಯಕ್ಷಿಕೆಗಳಿಗೆ ನಾನು ಬೆಲೆ ಕೊಡುವುದಿಲ್ಲ.

ಮಾರಾಟಗಾರರು ಆಯ್ದ ಧ್ವನಿಮುದ್ರಣಗಳು, ಸಾಮಾನ್ಯವಾಗಿ ಬಿಡಿಯಾದ ಒಂದು ಕಂಠ ಮತ್ತು ಒಂದೆರಡು ವಾದ್ಯ, ಯಾವ ಸಾಧನದಲ್ಲಿಯೂ ಚೆನ್ನಾಗಿಯೇ ಕೇಳಿಸುತ್ತವೆ. ಆದ್ದರಿಂದ ನಿಮಗೆ ಚಿರಪರಿಚಿತವಾದ, ವಾದ್ಯಗಳು ದಟ್ಟವಾಗಿರುವ ಧ್ವನಿಮುದ್ರಣವನ್ನು ಹಾಕಿಸಿ, ಎರಡು ಮೂರು ಕಡೆ ಕುಳಿತು ಕೇಳಿರಿ. ಖರೀದಿಯ ತೀರ್ಮಾನವನ್ನು ಮಾತ್ರ ನಿಮ್ಮ ಕೋಣೆಯಲ್ಲಿಯೇ ಪರೀಕ್ಷಿಸಿ ಕೈಗೊಳ್ಳಿರಿ.