ಕಂಪ್ಯೂಟರ್ ಪ್ರಶ್ನೋತ್ತರ: ಬಟನ್ ಇದೆ, ಹಕ್ಕಿಲ್ಲ

ಪ್ರಶ್ನೆ: ನಮ್ಮ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದುವುದಕ್ಕೆ ಒಂದು ವಿಂಡೋಸ್ ಸರ್ವಿಸ್ (ತೆರೆಯ ಹಿಂದೆ ಸದಾ ಓಡುವ ಪ್ರೋಗ್ರಾಮ್) ಬರೆದಿದ್ದೇವೆ. ಆಗಾಗ ಪೋರ್ಟ್ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾದಾಗ ಸರ್ವಿಸ್ ನಿಲ್ಲಿಸಿ ಮತ್ತೆ ಶುರು ಮಾಡಲೆಂದು ಆಪರೇಟರ್ ಬಳಸುವ ಸಿ ಶಾರ್ಪ್ ಪ್ರೋಗ್ರಾಮಿನಲ್ಲಿ ಎರಡು ಬಟನ್ ಇಟ್ಟೆವು. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯುತ್ತದೆ, ಕಾಟಾ ಕೋಣೆಯಲ್ಲಿ ಮಾತ್ರ ಸರ್ವಿಸ್ ತೆರೆಯಲಾಗಲಿಲ್ಲ ಎಂಬ ಎರರ್. ಹಂಗಾಮು ನಡೆದಿದೆ, ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಏನು ಮಾಡಬೇಕು?
— ಓದುಗರೊಬ್ಬರು, ಮುಧೋಳ

ಉತ್ತರ: ನಿಮಗೆ ಕಂಡದ್ದು ಹೊರಗಿನ ಸಂದೇಶ ಮಾತ್ರ. ಡಾಟ್ ನೆಟ್‌ನ ಸರ್ವಿಸ್ ಕಂಟ್ರೋಲರ್ ನಿಜವಾದ ಕಾರಣವನ್ನು ಇನ್ನರ್ ಎಕ್ಸೆಪ್ಷನ್ ಒಳಗೆ ಇಡುತ್ತದೆ. ಮೊದಲು ಅದನ್ನು ಲಾಗ್ ಫೈಲಿಗೆ ಬರೆಸಿ. ಅಲ್ಲಿ 5 ಬಂದರೆ ಅನುಮತಿಯ ತೊಂದರೆ, 1060 ಬಂದರೆ ಆ ಹೆಸರಿನ ಸರ್ವಿಸೇ ಇಲ್ಲ, 1058 ಬಂದರೆ ಸರ್ವಿಸನ್ನು ಡಿಸೇಬಲ್ ಮಾಡಿಟ್ಟಿದ್ದಾರೆ. ನಿಮ್ಮದು 5 ಎಂದುಕೊಂಡೇ ಮುಂದೆ ಹೋಗೋಣ. ಲ್ಯಾಪ್‌ಟಾಪಿನಲ್ಲಿ ನಡೆಯುವುದಕ್ಕೆ ಕಾರಣ, ಬಹುಶಃ ನೀವು ವಿಷುವಲ್ ಸ್ಟುಡಿಯೋವನ್ನೇ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುತ್ತೀರಿ. ಅದರೊಳಗಿಂದ ಓಡಿಸಿದ ಪ್ರೋಗ್ರಾಮಿಗೂ ಅದೇ ಹಕ್ಕು ಸಿಗುತ್ತದೆ.

ವಿಂಡೋಸ್ ವಿಸ್ತಾದಿಂದ ಈಚೆಗೆ ಅಡ್ಮಿನ್ ಗುಂಪಿನವರು ಲಾಗಿನ್ ಆದರೂ ಎರಡು ಟೋಕನ್ (ಹಕ್ಕಿನ ಗುರುತುಚೀಟಿ) ತಯಾರಾಗುತ್ತವೆ: ಪೂರ್ತಿ ಹಕ್ಕಿನದೊಂದು, ಹಕ್ಕು ಕತ್ತರಿಸಿದ್ದೊಂದು. ಸಾಮಾನ್ಯವಾಗಿ ಡಬಲ್ ಕ್ಲಿಕ್ ಮಾಡಿದ ಪ್ರೋಗ್ರಾಮಿಗೆ ಸಿಗುವುದು ಎರಡನೆಯದು. ಹಾಗಾಗಿ ಆಪರೇಟರನ್ನು ಅಡ್ಮಿನ್ ಗುಂಪಿಗೆ ಸೇರಿಸಿದರೂ ಎರರ್ 5 ಹೋಗುವುದಿಲ್ಲ. ಆ ದಾರಿ ಬಿಡಿ.

ಅದಕ್ಕಿಂತ ಮುಂಚೆ ಒಂದು ಪ್ರಶ್ನೆ. ಸರ್ವಿಸನ್ನು ನಿಜಕ್ಕೂ ನಿಲ್ಲಿಸಬೇಕೇ? ನಿಮಗೆ ಬೇಕಾಗಿರುವುದು ಪೋರ್ಟ್ ಮುಚ್ಚಿ ಮತ್ತೆ ತೆರೆಯುವುದು, ಅಷ್ಟೇ. 128ರಿಂದ 255ರವರೆಗಿನ ಸಂಖ್ಯೆಗಳನ್ನು ವಿಂಡೋಸ್ ನಮ್ಮ ಸ್ವಂತ ಆದೇಶಗಳಿಗೆಂದೇ ಬಿಟ್ಟುಕೊಟ್ಟಿದೆ. ಸರ್ವಿಸ್ ಕೋಡಿನಲ್ಲಿ ಆನ್ ಕಸ್ಟಮ್ ಕಮಾಂಡ್ ಎಂಬ ಮೆಥಡ್ ಬರೆದು, 130 ಬಂದಾಗ ಪೋರ್ಟ್ ಮತ್ತೆ ತೆರೆಯುವಂತೆ ಮಾಡಿ. ಬಟನ್ನಿನಿಂದ ಎಕ್ಸಿಕ್ಯೂಟ್ ಕಮಾಂಡ್ ಮೂಲಕ 130 ಕಳಿಸಿ. ಆ ಯಂತ್ರದ ಮುಂದೆ ಕೂತು ಲಾಗಿನ್ ಆದವರಿಗೆ ಇಂಥ ಆದೇಶ ಕಳಿಸುವ ಹಕ್ಕು ಸರ್ವಿಸಿನ ಮೂಲ ಅನುಮತಿ ಪಟ್ಟಿಯಲ್ಲೇ ಇರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬೇಡ, ಪ್ರೋಗ್ರಾಮಿಗೆ ಅಡ್ಮಿನ್ ಹಕ್ಕು ಕೇಳುವ ಮ್ಯಾನಿಫೆಸ್ಟ್ ಫೈಲೂ ಬೇಡ. ಎರಡು ಎಚ್ಚರಿಕೆ ಮಾತ್ರ: ಮೆಥಡ್ ಬೇಗ ವಾಪಸ್ ಬರಬೇಕು, ಅಂದರೆ ಪೋರ್ಟಿನ ಕೆಲಸವನ್ನು ಬೇರೆ ಥ್ರೆಡ್ಡಿಗೆ ಒಪ್ಪಿಸಿ. ಮತ್ತೆ, ಆ ಯಂತ್ರದಲ್ಲಿ ಲಾಗಿನ್ ಆದ ಯಾರು ಬೇಕಾದರೂ 130 ಕಳಿಸಬಹುದಾದ್ದರಿಂದ ಟೇರ್ ತೂಕ (ಖಾಲಿ ಗಾಡಿಯ ತೂಕ) ಬದಲಿಸುವಂಥ ಕೆಲಸವನ್ನು ಇದಕ್ಕೆ ಜೋಡಿಸಬೇಡಿ. ರೈತರ ದುಡ್ಡಿನ ಲೆಕ್ಕ ಅದು.

ಸರ್ವಿಸೇ ಪೂರ್ತಿ ಜಾಮ್ ಆಗುತ್ತದೆ, ನಿಲ್ಲಿಸಲೇಬೇಕು ಅನ್ನುವುದಾದರೆ ಆ ಒಂದು ಸರ್ವಿಸಿನ ಅನುಮತಿ ಪಟ್ಟಿಯಲ್ಲಿ ಆಪರೇಟರುಗಳಿಗೆ ಜಾಗ ಮಾಡಿಕೊಡಿ. ಯಂತ್ರದಲ್ಲಿ ಕಾಟಾ ಆಪರೇಟರುಗಳ ಒಂದು ಲೋಕಲ್ ಗ್ರೂಪ್ ಮಾಡಿ, ಅವರನ್ನು ಸೇರಿಸಿ. ಸೇರಿಸಿದ ಮೇಲೆ ಅವರು ಲಾಗಾಫ್ ಆಗಿ ಮತ್ತೆ ಲಾಗಿನ್ ಆಗಲೇಬೇಕು, ಇಲ್ಲವಾದರೆ ಹಳೆಯ ಟೋಕನ್ನೇ ಇರುತ್ತದೆ. ಪವರ್‌ಶೆಲ್‌ನ ಗೆಟ್ ಲೋಕಲ್ ಗ್ರೂಪ್ ಆದೇಶದಿಂದ ಆ ಗ್ರೂಪಿನ ಎಸ್‌ಐಡಿ (ವಿಂಡೋಸ್ ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಆಮೇಲೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಸಿ ಪ್ರೋಗ್ರಾಮಿನ ಎಸ್‌ಡಿಶೋ ಆದೇಶಕ್ಕೆ ಸರ್ವಿಸಿನ ಹೆಸರು ಕೊಡಿ. ಡಿ ಮತ್ತು ಕೋಲನ್‌ನಿಂದ ಶುರುವಾಗುವ ಉದ್ದನೆಯ ಸಾಲು ಬರುತ್ತದೆ. ಅದನ್ನು ಹಾಗೇ ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಉಳಿಸಿ, ಏಕೆಂದರೆ ಮುಂದಿನ ಆದೇಶವು ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಬರೆಯುತ್ತದೆ.

ಈ ಸಾಲಿನ ಅಕ್ಷರ ಜೋಡಿಗಳಲ್ಲಿ ನಿಮಗೆ ಬೇಕಾದವು ಮೂರೇ: ಎಲ್‌ಸಿ ಅಂದರೆ ಸ್ಥಿತಿ ಕೇಳುವ ಹಕ್ಕು, ಆರ್‌ಪಿ ಶುರು ಮಾಡುವ ಹಕ್ಕು, ಡಬ್ಲ್ಯೂಪಿ ನಿಲ್ಲಿಸುವ ಹಕ್ಕು. ಆ ಸಾಲಿಗೆ ಸೇರಿಸುವ ಹೊಸ ಕಂತು ಹೀಗಿರಲಿ: ಆವರಣ ಚಿಹ್ನೆಯೊಳಗೆ ಎ, ಎರಡು ಸೆಮಿಕೋಲನ್, ಎಲ್‌ಸಿಆರ್‌ಪಿಡಬ್ಲ್ಯೂಪಿ, ಮೂರು ಸೆಮಿಕೋಲನ್, ಗ್ರೂಪಿನ ಎಸ್‌ಐಡಿ. ಎಲ್ಲವನ್ನೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ಸಾಲಿನ ಕೊನೆಯಲ್ಲಿ ಎಸ್ ಮತ್ತು ಕೋಲನ್‌ನಿಂದ ಶುರುವಾಗುವ ಆಡಿಟ್ ಭಾಗವಿದ್ದರೆ ಈ ಕಂತು ಅದಕ್ಕಿಂತ ಹಿಂದೆ ಬರಬೇಕು. ಪೂರ್ತಿ ಸಾಲನ್ನು ಉದ್ಧರಣ ಚಿಹ್ನೆಯಲ್ಲಿಟ್ಟು ಎಸ್‌ಡಿಸೆಟ್ ಆದೇಶಕ್ಕೆ ಕೊಡಿ. ಬರೀ ಹೊಸ ಕಂತು ಕೊಟ್ಟರೆ ಅಡ್ಮಿನ್‌ಗೂ ಆ ಸರ್ವಿಸ್ ಕೈಗೆ ಸಿಗದಂತಾಗುತ್ತದೆ.

ಹಳೆಯ ಪವರ್‌ಶೆಲ್‌ನಲ್ಲಿ (5.1) ಎಸ್‌ಸಿ ಎಂದಷ್ಟೇ ಹೊಡೆದರೆ ಅದು ಫೈಲಿಗೆ ಬರೆಯುವ ಸೆಟ್ ಕಂಟೆಂಟ್ ಆದೇಶದ ಅಡ್ಡಹೆಸರು. ಎರರ್ ಬರುವುದಿಲ್ಲ, ಎಸ್‌ಡಿಶೋ ಹೆಸರಿನದೊಂದು ಫೈಲ್ ಹುಟ್ಟಿಕೊಂಡು ಕೂರುತ್ತದೆ. ಅಲ್ಲಿ ಎಸ್‌ಸಿ ಡಾಟ್ ಇಎಕ್ಸ್‌ಇ ಎಂದು ಪೂರ್ತಿ ಬರೆಯಬೇಕು.

ಡಿಸಿ, ಡಬ್ಲ್ಯೂಡಿ, ಡಬ್ಲ್ಯೂಓ ಈ ಮೂರನ್ನು ಆಪರೇಟರಿಗೆ ಯಾವ ಕಾರಣಕ್ಕೂ ಕೊಡಬೇಡಿ. ಡಿಸಿ ಇದ್ದವರು ಸರ್ವಿಸ್ ಯಾವ ಫೈಲನ್ನು ಓಡಿಸಬೇಕು ಎಂಬುದನ್ನೇ ಬದಲಿಸಬಹುದು. ಸರ್ವಿಸ್ ಲೋಕಲ್ ಸಿಸ್ಟಮ್ ಎಂಬ ವಿಂಡೋಸಿನ ಸರ್ವಾಧಿಕಾರದ ಖಾತೆಯಲ್ಲಿದ್ದರೆ ಇಡೀ ಯಂತ್ರ ಅವರದಾಯಿತು. ಉಳಿದೆರಡು ಇದ್ದರೆ ಅನುಮತಿ ಪಟ್ಟಿಯನ್ನೇ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಸರ್ವಿಸಿನ ಇಎಕ್ಸ್‌ಇ ಫೈಲನ್ನು ಸಿ ಡ್ರೈವಿನ ಬುಡದಲ್ಲಿ ಹೊಸ ಫೋಲ್ಡರ್ ಮಾಡಿ ಇಟ್ಟಿದ್ದರೂ ಇದೇ ಅಪಾಯ. ಅಲ್ಲಿ ಮಾಡಿದ ಫೋಲ್ಡರಿಗೆ ಲಾಗಿನ್ ಆದ ಎಲ್ಲರ ತಿದ್ದುವ ಹಕ್ಕು ತಾನಾಗಿ ಇಳಿದು ಬರುತ್ತದೆ. ಪ್ರೋಗ್ರಾಮ್ ಫೈಲ್ಸ್ ಒಳಗೆ ಇಡಿ.

ಹೊಸ ಆವೃತ್ತಿ ಹಾಕುವಾಗ ಇನ್‌ಸ್ಟಾಲರ್ ಸರ್ವಿಸನ್ನು ಅಳಿಸಿ ಮತ್ತೆ ಸೃಷ್ಟಿಸುವುದಾದರೆ ಈ ಎಲ್ಲ ಅನುಮತಿ ಹೋಗುತ್ತದೆ. ಎಸ್‌ಡಿಸೆಟ್ ಸಾಲನ್ನು ಇನ್‌ಸ್ಟಾಲರಿನೊಳಗೇ ಸೇರಿಸಿ.

ಇದನ್ನು ಓದುವ ಡೆಲ್ಫಿ, ವಿಬಿ 6ರಲ್ಲಿ ಪ್ರೋಗ್ರಾಮ್ ಬರೆಯುವ ಬಳಗಕ್ಕೆ ಒಂದು ಮಾತು. ಅನುಮತಿ ಕೊಟ್ಟ ಮೇಲೂ 5 ಬಂದರೆ ನಿಮ್ಮ ಕೋಡ್ ಬಹುಶಃ ಆಲ್ ಆ್ಯಕ್ಸೆಸ್, ಅಂದರೆ ಎಲ್ಲ ಹಕ್ಕನ್ನೂ, ಕೇಳುತ್ತಿದೆ. ಕೇಳಿದ್ದರಲ್ಲಿ ಒಂದು ಹಕ್ಕು ಇಲ್ಲದಿದ್ದರೂ ವಿಂಡೋಸ್ ಯಾವುದನ್ನೂ ಕೊಡುವುದಿಲ್ಲ. ಸರ್ವಿಸ್ ಮ್ಯಾನೇಜರ್ ತೆರೆಯುವಾಗ ಕನೆಕ್ಟ್ ಹಕ್ಕು (1), ಸರ್ವಿಸ್ ತೆರೆಯುವಾಗ ಸ್ಥಿತಿ 4, ಶುರು 16, ನಿಲ್ಲಿಸು 32, ಒಟ್ಟು 52 ಕೇಳಿದರೆ ಸಾಕು.

ಪ್ರಶ್ನೆ: ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಉಷ್ಣಾಂಶ ದಾಖಲಿಸುವ ಸರ್ವಿಸನ್ನು ನಿಯಂತ್ರಿಸುವ ಪ್ರೋಗ್ರಾಮಿಗೆ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಟಿಕ್ ಹಾಕಿದೆವು. ಬಟನ್ ಕೆಲಸ ಮಾಡತಾವ್ರಿ, ಆದ್ರ ವರದಿ ಉಳಿಸೋ ಝಡ್ ಡ್ರೈವೇ ಕಾಣವಲ್ದು. ಮೈ ಕಂಪ್ಯೂಟರ್‌ನ್ಯಾಗ ನೋಡಿದ್ರ ಐತಿ!
— ವಿಜಯಪುರದಿಂದ

ಉತ್ತರ: ಝಡ್ ಎಂಬ ನೆಟ್‌ವರ್ಕ್ ಡ್ರೈವ್ ಇದೆ, ಆದರೆ ಅದನ್ನು ಜೋಡಿಸಿದ್ದು ಹಕ್ಕು ಕತ್ತರಿಸಿದ ಲಾಗಿನ್ ಅಧಿವೇಶನದಲ್ಲಿ. ಅಡ್ಮಿನ್ ಆಗಿ ಓಡುವ ಪ್ರೋಗ್ರಾಮ್ ಬೇರೊಂದು ಅಧಿವೇಶನದಲ್ಲಿರುತ್ತದೆ, ಅಲ್ಲಿ ಝಡ್ ಇಲ್ಲ. ಝಡ್ ಬದಲು ಎರಡು ಬ್ಯಾಕ್‌ಸ್ಲ್ಯಾಶ್ (ಹಿಂದಕ್ಕೆ ವಾಲಿದ ಓರೆಗೆರೆ), ಸರ್ವರ್ ಹೆಸರು, ಷೇರಿನ (ಹಂಚಿದ ಫೋಲ್ಡರಿನ) ಹೆಸರು ಇರುವ ಪೂರ್ತಿ ವಿಳಾಸ ಬಳಸಿದರೆ ಈ ಗೋಳು ತಪ್ಪುತ್ತದೆ. ಆದರೂ ಟಿಕ್ ತೆಗೆಯುವುದೇ ಒಳ್ಳೆಯದು. ಎಕ್ಸ್‌ಪ್ಲೋರರ್‌ನಿಂದ ಫೈಲ್ ಎಳೆದು ಆ ಪ್ರೋಗ್ರಾಮಿಗೆ ಬಿಡಲೂ ಆಗುವುದಿಲ್ಲ, ದಿನವೂ ಪಾಸ್‌ವರ್ಡ್ ಕೇಳುತ್ತದೆ, ಕೊನೆಗೆ ಯಾರೋ ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುತ್ತಾರೆ. ಮೇಲಿನ ಉತ್ತರದ ಮೂರು ಹಕ್ಕುಗಳ ದಾರಿ ಹಿಡಿಯಿರಿ.

ಸರ್ವಿಸೇ ನೇರವಾಗಿ ಷೇರಿಗೆ ಬರೆಯುವ ಯೋಚನೆ ಇದ್ದರೆ, ಲೋಕಲ್ ಸಿಸ್ಟಮ್ ಖಾತೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಹೆಸರಲ್ಲಿ ಹೋಗುತ್ತದೆ. ಡೊಮೇನ್ (ಎಲ್ಲ ಖಾತೆಗಳನ್ನು ಒಂದೇ ಸರ್ವರ್ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಸಣ್ಣ ಆಫೀಸಿನಲ್ಲಿ ಅದನ್ನು ಯಾರೂ ಗುರುತಿಸುವುದಿಲ್ಲ. ಸರ್ವಿಸಿಗೊಂದು ಬೇರೆ ಖಾತೆ ಮಾಡಿ, ಅದೇ ಹೆಸರು ಮತ್ತು ಪಾಸ್‌ವರ್ಡ್‌ನ ಖಾತೆ ಷೇರ್ ಇರುವ ಯಂತ್ರದಲ್ಲೂ ಇರಲಿ. ಮುಂದೆ ಆ ಪಾಸ್‌ವರ್ಡ್ ಬದಲಿಸಿದರೆ, ಮತ್ತೊಮ್ಮೆ ಶುರು ಮಾಡುವಾಗ ಸರ್ವಿಸ್ 1069 ಎಂದು ನಿಲ್ಲುತ್ತದೆ. ಅದು ಲಾಗಿನ್ ಸೋತ ಎರರ್, ಸರ್ವಿಸಿನ ಲಾಗಾನ್ ಟ್ಯಾಬಿನಲ್ಲಿ ಹೊಸ ಪಾಸ್‌ವರ್ಡ್ ತುಂಬಿ.

ಪ್ರಶ್ನೆ: ಸೀರೆ ಅಂಗಡಿಯ ಬಿಲ್ಲಿಂಗ್ ಯಂತ್ರದಲ್ಲಿ ಪ್ರಿಂಟ್ ಕ್ಯೂ ಸಿಕ್ಕಿಕೊಳ್ಳುತ್ತದೆ. ಕೌಂಟರಿನ ಹುಡುಗನಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡಲು ಮನಸ್ಸಿಲ್ಲ.
— ಇಳಕಲ್ಲ

ಉತ್ತರ: ಕೊಡಬೇಡಿ. ಇಲ್ಲಿ ಪ್ರಿಂಟ್ ಕ್ಯೂ ನಡೆಸುವ ಸ್ಪೂಲರ್ ಸರ್ವಿಸಿನ ಅನುಮತಿ ಮಾತ್ರ ಸಾಲದು, ಸಿಸ್ಟಮ್ 32ರೊಳಗಿನ ಸ್ಪೂಲ್ ಫೋಲ್ಡರಿನ ಪ್ರಿಂಟರ್ಸ್ ಫೋಲ್ಡರಿನಲ್ಲಿ ಉಳಿದ ಫೈಲುಗಳನ್ನೂ ಅಳಿಸಬೇಕು. ಸ್ಪೂಲರ್ ನಿಲ್ಲಿಸು, ಫೈಲ್ ಅಳಿಸು, ಶುರು ಮಾಡು ಎಂಬ ಮೂರು ಸಾಲಿನ ಬ್ಯಾಚ್ ಫೈಲ್ ಮಾಡಿ, ಹುಡುಗ ತಿದ್ದಲಾಗದ ಫೋಲ್ಡರಿನಲ್ಲಿಡಿ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಿಸ್ಟಮ್ ಖಾತೆಯ ಹೆಸರಲ್ಲಿ ಒಂದು ಟಾಸ್ಕ್ ಮಾಡಿ, ಟ್ರಿಗರ್ ಆಗಿ ಆನ್ ವರ್ಕ್‌ಸ್ಟೇಷನ್ ಅನ್‌ಲಾಕ್ ಆರಿಸಿ. ಕ್ಯೂ ನಿಂತಾಗ ಹುಡುಗ ವಿಂಡೋಸ್ ಕೀಲಿ ಮತ್ತು ಎಲ್ ಒಟ್ಟಿಗೆ ಒತ್ತಿ, ತನ್ನದೇ ಪಾಸ್‌ವರ್ಡ್ ಹೊಡೆದು ಒಳಬಂದರೆ ಸಾಕು. ಅನ್‌ಲಾಕ್ ಮಾಡಿದಾಗಲೆಲ್ಲ ಬಾಕಿ ಬಿಲ್ಲುಗಳ ಪ್ರಿಂಟ್ ಅಳಿಯುತ್ತದೆ ಎಂಬುದನ್ನು ಅವನಿಗೆ ಹೇಳಿಡಿ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಉಬುಂಟುವಿನಲ್ಲಿ ಪೈಥಾನ್ ಡೆಸ್ಕ್‌ಟಾಪ್ ಪ್ರೋಗ್ರಾಮ್ ಬರೆದಿದ್ದೇನೆ. ಅದರಿಂದ ಸಿಸ್ಟಮ್‌ಡಿ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಪ್ರತಿಸಲ ಪಾಸ್‌ವರ್ಡ್ ಕಿಟಕಿ ಬರುತ್ತದೆ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಇಡೀ ಪ್ರೋಗ್ರಾಮನ್ನು ಸುಡೋ ಹಾಕಿ ಓಡಿಸಬೇಡಿ. ಆ ಕಿಟಕಿ ತರುವುದು ಪೋಲ್‌ಕಿಟ್, ಯಾರಿಗೆ ಯಾವ ಹಕ್ಕು ಎಂದು ತೀರ್ಮಾನಿಸುವ ವ್ಯವಸ್ಥೆ. ಉಬುಂಟು 24.04ರಲ್ಲಿ ಇಟಿಸಿ ಒಳಗಿನ ಪೋಲ್‌ಕಿಟ್-1 ಫೋಲ್ಡರಿನ ರೂಲ್ಸ್ ಡಾಟ್ ಡಿ ಒಳಗೆ ಜಾವಾಸ್ಕ್ರಿಪ್ಟ್ ನಿಯಮ ಬರೆಯಬಹುದು: ಕ್ರಿಯೆ ಮ್ಯಾನೇಜ್ ಯೂನಿಟ್ಸ್, ಯೂನಿಟ್ ನಿಮ್ಮದೇ ಸರ್ವಿಸ್, ವರ್ಬ್ ರೀಸ್ಟಾರ್ಟ್, ಬಳಕೆದಾರ ನಿಮ್ಮ ಗ್ರೂಪಿನವರು, ಈ ನಾಲ್ಕೂ ಹೊಂದಿದರೆ ಮಾತ್ರ ಯೆಸ್. ಯೂನಿಟ್ ಹೆಸರಿನ ಪರೀಕ್ಷೆ ಬಿಟ್ಟರೆ ಯಂತ್ರದ ಎಲ್ಲ ಸರ್ವಿಸುಗಳ ಬಾಗಿಲೂ ತೆರೆಯುತ್ತದೆ. ಹೆಸರಿನ ಕೊನೆಗೆ ಡಾಟ್ ಸರ್ವಿಸ್ ಬರೆಯಲು ಮರೆತರೆ ನಿಯಮ ಹೊಂದುವುದೇ ಇಲ್ಲ. 22.04ರಲ್ಲಿರುವ ಪೋಲ್‌ಕಿಟ್ 0.105ಕ್ಕೆ ಜಾವಾಸ್ಕ್ರಿಪ್ಟ್ ನಿಯಮ ಅರ್ಥವಾಗುವುದಿಲ್ಲ. ಅಲ್ಲಿ ಸುಡೋಅರ್ಸ್‌ನಲ್ಲಿ (ಸುಡೋ ಅನುಮತಿಗಳ ಫೈಲು) ಆ ಒಂದೇ ರೀಸ್ಟಾರ್ಟ್ ಆದೇಶವನ್ನು ಪೂರ್ತಿ ಹಾದಿಸಮೇತ, ನಕ್ಷತ್ರ ಚಿಹ್ನೆ ಹಾಕದೆ ಬರೆಯಿರಿ. ಎನೇಬಲ್, ಡಿಸೇಬಲ್ ಬೇರೆಯದೇ ಕ್ರಿಯೆಯ ಕೆಳಗೆ ಬರುತ್ತವೆ, ಅದಕ್ಕೆ ಕೈ ಹಾಕಬೇಡಿ.

ನಿಮ್ಮ ಸರ್ವಿಸಿಗೆ ರೂಟ್ ಹಕ್ಕೇ ಬೇಡದಿದ್ದರೆ ಇವೆಲ್ಲ ಅನಗತ್ಯ. ಯೂನಿಟ್ ಫೈಲನ್ನು ಮನೆ ಫೋಲ್ಡರಿನ ಡಾಟ್ ಕಾನ್ಫಿಗ್ ಕೆಳಗಿನ ಸಿಸ್ಟಮ್‌ಡಿ, ಯೂಸರ್ ಒಳಗೆ ಇಟ್ಟು ಸಿಸ್ಟಮ್‌ಸಿಟಿಎಲ್ ಆದೇಶಕ್ಕೆ ಯೂಸರ್ ಆಯ್ಕೆ ಸೇರಿಸಿ. ಪಾಸ್‌ವರ್ಡ್ ಕೇಳುವುದಿಲ್ಲ. ಲಾಗಾಫ್ ಆದ ಮೇಲೂ ಓಡುತ್ತಿರಬೇಕಾದರೆ ಲಾಗಿನ್‌ಸಿಟಿಎಲ್‌ನ ಎನೇಬಲ್ ಲಿಂಗರ್ ಆದೇಶವನ್ನು ಒಮ್ಮೆ ಕೊಡಿ.